ಜೆಲ್ಮಾಳ ಪಾಲಿನ ಒಂದು ಜೊತೆ

ಲಾಟ್ವಿಯಾದ ನಮ್ಮ ಕುರ್ಜೆಮೆ ಸೀಮೆಯಲ್ಲಿ ಮದುವೆ ಅಂದರೆ ಬಿಯರ್ ಕಡಿಮೆ ಬಿದ್ದರೂ ನಡೆದೀತು, ಉಣ್ಣೆಯ ಕೈಗವಸು ಮಾತ್ರ ಕಡಿಮೆ ಬೀಳಕೂಡದು. ಮದುಮಗಳು ಗಂಡನ ಮನೆಗೆ ಕಾಲಿಟ್ಟ ಕೂಡಲೇ ಒಲೆಗೊಂದು ಜೊತೆ, ಬಾವಿಗೊಂದು, ಕೊಟ್ಟಿಗೆಗೊಂದು, ಜೇನುಗೂಡಿಗೂ ಒಂದು ಇಡಬೇಕು. ಆಮೇಲೆ ನೆಂಟರಿಷ್ಟರಿಗೆಲ್ಲ ಹಂಚಿ, ಕೊನೆಯ ಜೊತೆಯನ್ನು ಅತ್ತೆಯ ಕೈಗೆ ತಾನೇ ತೊಡಿಸಬೇಕು. ಎಲ್ಲವೂ ಅವಳೇ ಹೆಣೆದದ್ದಾಗಿರಬೇಕು. ಹಾಗಾದರೆ ಹೆಣೆಯಲು ಬಾರದ ಹುಡುಗಿಯರು ನಮ್ಮಲ್ಲಿ ಇರಲಿಲ್ಲವೇ? ಬೇಕಾದಷ್ಟಿದ್ದರು! ಅವರಿಗೆಲ್ಲ ಜೆಲ್ಮಾ ಇದ್ದಳು.

ಜೆಲ್ಮಾ ವಿಧವೆ, ಬಾಯಿ ಸ್ವಲ್ಪ ಜೋರು. ಉಣ್ಣೆಯುಂಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ದನ ಕಾಯುತ್ತಾ, ದಾರಿಯಲ್ಲಿ ಸಿಕ್ಕವರ ಜೊತೆ ಜಗಳವಾಡುತ್ತಾ ಹೆಣೆಯುತ್ತಲೇ ಇರುವವಳು. ಮಗಳ ಮದುವೆ ಹತ್ತಿರ ಬಂದ ತಾಯಂದಿರು ಹಿತ್ತಿಲ ಬಾಗಿಲಿಂದ ಬಂದು, ಉಣ್ಣೆಯ ಮೂಟೆ ಇಟ್ಟು, "ಯಾರಿಗೂ ಹೇಳ್ಬೇಡ ಮಾರಾಯ್ತಿ" ಎಂದು ಪಿಸುಗುಟ್ಟಿ ಹೋಗುತ್ತಿದ್ದರು. ಊರೆಲ್ಲ ಹರಟುವ ಆ ಬಾಯಿ ಇದೊಂದು ವಿಷಯಕ್ಕೆ ಮಾತ್ರ ಬೀಗ ಹಾಕಿಕೊಂಡಿತ್ತು. ಹೀಗಾಗಿ ತನ್ನ ಮಗಳೊಬ್ಬಳದೇ ಈ ಗುಟ್ಟು ಎಂದು ಪ್ರತಿಯೊಬ್ಬಳೂ ನಂಬಿದ್ದಳು.

ಮದುವೆಯ ದಿನ ಜೆಲ್ಮಾಗೂ ಒಂದು ಜೊತೆ ಉಡುಗೊರೆ ಬರುತ್ತಿತ್ತು. ತಾನೇ ಹೆಣೆದದ್ದು! "ಅಯ್ಯಯ್ಯೋ, ಏನ್ ಬೆರಳಮ್ಮ ನಿಂದು! ನಮ್ ಕಾಲದಲ್ಲೂ ಹಿಂಗ್ ಹೆಣೆಯೋರು ಇರ್ಲಿಲ್ಲ" ಎಂದು ಬಾಯಿ ತುಂಬ ತನ್ನನ್ನೇ ಹೊಗಳಿಕೊಂಡು ಮನೆಗೆ ಬರುತ್ತಿದ್ದಳು. ಬಂದು ಪೆಟ್ಟಿಗೆ ತೆಗೆದರೆ ಮನಸ್ಸು ಸಣ್ಣಗಾಗುತ್ತಿತ್ತು. ಅಷ್ಟೊಂದು ಕೈಗವಸುಗಳಲ್ಲಿ ಇನ್ನೊಬ್ಬರು ಅವಳಿಗೆಂದು ಹೆಣೆದದ್ದು ಒಂದೂ ಇರಲಿಲ್ಲ. ಒಬ್ಬನೇ ಮಗ ಎವಾಲ್ಡ್ ಗಿರಣಿಯವರ ಆಲ್ವಿನೆಯನ್ನು ಮದುವೆಯಾಗುತ್ತೇನೆ ಎಂದಾಗ ಅವಳಿಗೆ ಮೊದಲು ಹೊಳೆದದ್ದೇ ಅದು: ಅಂತೂ ಇಂತೂ ನನಗೂ ಒಂದು ಜೊತೆ ಬಂತು!

ಆಲೂಗಡ್ಡೆ ಅಗೆದು ಮುಗಿಸಿದ ವಾರ ಹಿತ್ತಿಲ ಬಾಗಿಲನ್ನು ಯಾರೋ ಬಡಿದರು. ನೋಡಿದರೆ ಆಲ್ವಿನೆ! ತಲೆಯೆಲ್ಲ ಹಿಟ್ಟು, ಹೆಗಲ ಮೇಲೆ ಉಣ್ಣೆಯ ಮೂಟೆ.

"ಅತ್ತೆ, ನಂಗೆ ಹೆಣೆಯೋಕೆ ಬರಲ್ಲ. ಹಿಟ್ಟಿನ ಮೂಟೆ ಹೊರು ಅನ್ನಿ, ಎರಡು ಹೊರ್ತೀನಿ. ಕಡ್ಡಿ ಹಿಡಿದ್ರೆ ಕೈಯೆಲ್ಲ ಬೆವರುತ್ತೆ. ನಮ್ಮಕ್ಕನ ಮದುವೆಗೂ ನೀವೇ ಹೆಣೆದು ಕೊಟ್ರಂತಲ್ಲ..."

"ಏನೇ? ನನ್ ಮಗನ ಮದುವೇಲೂ ನನಗೆ ನಾನೇ ಉಡುಗೊರೆ ಕೊಟ್ಕೋಬೇಕಾ?" ಎಂದು ಜೆಲ್ಮಾ ಕೂಗಾಡಿದಳು. ಹುಡುಗಿ ತಲೆ ತಗ್ಗಿಸಿ ನಿಂತೇ ಇದ್ದಳು. ಬರಿಗೈಯಲ್ಲಿ ಕಳಿಸಿದರೆ ಮದುವೆ ಮನೆಯಲ್ಲಿ ಇವಳ ಮಾನ ಹೋಗುತ್ತದೆ. ಜೆಲ್ಮಾ ಮೂಟೆ ಎಳೆದುಕೊಂಡಳು.

"ಬಾವಿಗೆ, ಹಸೂಗೆ, ನೆಂಟರಿಗೆ, ಎಲ್ಲ ನಾನ್ ಹೆಣೀತೀನಿ. ನನ್ ಜೊತೆ ಮಾತ್ರ ನೀನೇ ಹೆಣೀಬೇಕು."

"ಉಣ್ಣೇನೇ ಸರಿಯಿಲ್ಲ ಅತ್ತೆ, ಎಳೆ ಎಳೆ ಬಿಟ್ಕೊಳ್ಳುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ! ಹೋಗು, ಕೂತು ಹೆಣಿ."

ಗಿರಣಿಯ ಸುದ್ದಿಯನ್ನೆಲ್ಲ ಎವಾಲ್ಡ್ ತರುತ್ತಿದ್ದ. "ಅಮ್ಮಾ, ಅವಳು ನಿನ್ನೆ ಕಡ್ಡೀನೆಲ್ಲ ಹಿಮಕ್ಕೆ ಎಸೆದ್ಲು."

"ಹುಡುಕಿ ತಂದ್ಲಾ?"

"ತಂದ್ಲು."

"ಹಾಗಾದ್ರೆ ಸರಿ ಬಿಡು" ಎಂದು ಜೆಲ್ಮಾ ಹೆಣಿಗೆ ಮುಂದುವರಿಸಿದಳು.

ಮದುವೆಯ ದಿನ ಕೈಗವಸು ಹಂಚಿದ್ದೇ ಹಂಚಿದ್ದು. ಜೆಲ್ಮಾಳ ನಾದಿನಿ ಲೀಬಾ, ದೇವರಲ್ಲೂ ಹುಳುಕು ಹುಡುಕುವ ಹೆಂಗಸು, ತನ್ನ ಜೊತೆಯನ್ನು ಒಳಹೊರಗು ಮಾಡಿ ನೋಡಿ ಏನೂ ಸಿಗದೆ ಸುಮ್ಮನಾದಳು. ಕೊನೆಗೆ ಆಲ್ವಿನೆ ಅತ್ತೆಗೆ ತೊಡಿಸಿದಳು. ಬಲಗೈಗೆ ಸರಿಯಾಗಿ ಕೂತಿತು. ಎಡಗೈಗೆ ಹಾಕಿದರೆ ಹೆಬ್ಬೆರಳಿನ ಗೂಡು ಹಿಂಬದಿಗೆ ನಿಂತಿತ್ತು! ಪಾಪ, ಎರಡನ್ನೂ ಬಲಗೈಗೇ ಹೆಣೆದಿದ್ದಳು.

"ಇದೇನಿದು?" ಲೀಬಾಳ ಕಣ್ಣು ಅರಳಿತು. "ನಮಗೆ ಬಂದದ್ದು ರಾಣಿ ಹಾಕ್ಕೊಳ್ಳೋ ಹಾಗಿದೆ, ಅತ್ತೇದು ನೋಡಿದ್ರೆ ಹೀಗಿದೆ. ಎರಡೂ ಒಂದೇ ಕೈ ಹೆಣೆದದ್ದಾ?"

ಸೊಸೆಯನ್ನು ಉಳಿಸಲು ಯಾವ ಸುಳ್ಳು ಹೇಳಲಿ ಎಂದು ಜೆಲ್ಮಾ ತಡಕಾಡುವಷ್ಟರಲ್ಲಿ ಆಲ್ವಿನೆಯೇ ಹೇಳಿಬಿಟ್ಟಳು: "ಅದು ನಾನು ಹೆಣೆದದ್ದು. ಉಳಿದದ್ದೆಲ್ಲ ಅತ್ತೆ ಹೆಣೆದದ್ದು."

ಮೂಲೆಯಿಂದ ಕಮ್ಮಾರನ ಹೆಂಡತಿ ಕಿಸಕ್ಕೆಂದಳು. "ನನ್ ಮದುವೇದೂ ಜೆಲ್ಮಾನೇ ಹೆಣೆದದ್ದು."

"ನಿಂದೂನಾ? ನಾನೊಬ್ಬಳೇ ಅನ್ಕೊಂಡಿದ್ದೆ!" ಎಂದಳು ಪಕ್ಕದವಳು. ಒಬ್ಬೊಬ್ಬರೇ ಬಾಯಿ ಬಿಡತೊಡಗಿದರು. ಲೀಬಾಳ ಸ್ವಂತ ಸೊಸೆ ಕೆಂಪಗಾಗಿ ಮುಖ ಮುಚ್ಚಿಕೊಂಡಳು. "ಅಯ್ಯೋ ನಿನ್ನ, ನೀನೂನಾ?" ಎಂದು ಲೀಬಾ ಕಿರುಚಿದ್ದೇ ತಡ, ಸೂರು ಹಾರಿಹೋಗುವಂತೆ ಎಲ್ಲರೂ ನಕ್ಕರು.

ಜೆಲ್ಮಾಗೆ ಅದೊಂದೂ ಕೇಳಿಸಲಿಲ್ಲ. ಅವಳು ಎಡಗೈ ಹೆಬ್ಬೆರಳನ್ನು ಆ ಗೂಡಿಗೆ ತುರುಕಲು ಒದ್ದಾಡುತ್ತಿದ್ದಳು.

"ಕೊಡಿ ಅತ್ತೆ, ಬಿಚ್ಚಿ ಮತ್ತೆ ಹೆಣೀತೀನಿ" ಎಂದಳು ಆಲ್ವಿನೆ.

ಜೆಲ್ಮಾ ಎರಡೂ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಮುಟ್ಟಿದ್ರೆ ನೋಡು! ಇದು ನನಗೆ ಅಂತ ಹೆಣೆದದ್ದು." ಹೇಳುತ್ತಿದ್ದಂತೆಯೇ ಅವಳ ಕಣ್ಣು ತುಂಬಿ ಬಂತು.

ಊಟಕ್ಕೆ ಕೂತಾಗಲೂ ಅವಳು ಅವನ್ನು ಕಳಚಲಿಲ್ಲ. ಅವನ್ನು ಹಾಕಿಕೊಂಡು ಚಮಚವನ್ನೂ ಹಿಡಿಯಲಾಗಲಿಲ್ಲ. ಆಲ್ವಿನೆ ಪಕ್ಕದಲ್ಲಿ ಕೂತು, ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ, ಒಂದೊಂದೇ ತುತ್ತು ಅತ್ತೆಯ ಬಾಯಿಗಿಟ್ಟಳು.