ಕೂತು ಊದದ ಕ್ಲಾರಿನೆಟ್

ಹುಮನಾಬಾದಿನ ಶಾಲೆಯೊಂದರ ಸಭಾಂಗಣ, ಮಧ್ಯಾಹ್ನ ಮೂರು ಗಂಟೆ. ಎರಡು ಪಿಟೀಲು, ಒಂದು ವಿಯೋಲ, ಕೂತೇ ನುಡಿಸಬೇಕಾದ ನನ್ನ ದೊಡ್ಡ ಚೆಲ್ಲೊ: ಊರಿಂದೂರಿಗೆ ನುಡಿಸುತ್ತ ಹೊರಟ ಐವರಲ್ಲಿ ಇಲ್ಲಿಗೆ ಬಂದವರು ನಾವು ನಾಲ್ವರು. ಕ್ಲಾರಿನೆಟ್ ನುಡಿಸಬೇಕಿದ್ದ ಗೆಳೆಯ ಎರಡು ದಿನದಿಂದ ಜ್ವರ ಬಂದು ಬಸವಕಲ್ಯಾಣದ ಲಾಡ್ಜಿನಲ್ಲಿ ಮಲಗಿದ್ದ. ಅವನ ಬದಲಿಗೆ ಬಂದವರು ಇಲ್ಲಿಯ ಮದುವೆ ಮೆರವಣಿಗೆಯ ಬ್ಯಾಂಡಿನ ಖಾದರ್ ಚಾಚಾ. ನಾವು ನುಡಿಸುವ ಕೃತಿಯ ಒಂದೇ ಒಂದು ನಿಧಾನದ ಭಾಗವನ್ನು ಮೊಬೈಲಿನಲ್ಲಿ ಕೇಳಿ ಕೇಳಿಯೇ ಕಲಿತಿದ್ದರು.

ಕುರ್ಚಿ ತೋರಿಸಿದಾಗ ಅವರ ಮುಖ ಸಪ್ಪಗಾಯಿತು. "ಕುಂತು ಎಂದೂ ಊದಿಲ್ರಿ. ಕಾಲು ನಡದ್ರನ ಉಸಿರು ಬರ್ತದ."

ಆದರೂ ಕೂತರು. ಶುರುವಾದದ್ದೇ ತಡ, ಸ್ವರ ನಡುಗತೊಡಗಿತು. ಇನ್ನೇನು ಕಚೇರಿ ಕೆಟ್ಟಿತು ಅಂದುಕೊಂಡೆ. ಅಷ್ಟರಲ್ಲಿ ಚಾಚಾ ಎದ್ದರು. ಊದುತ್ತಲೇ ವೇದಿಕೆ ಇಳಿದು, ಬೆಂಚುಗಳ ನಡುವೆ ಹಾದು, ಬಾಗಿಲು ದಾಟಿ ಹೊರಗೇ ಹೋಗಿಬಿಟ್ಟರು. ನಾವು ನಿಲ್ಲಿಸಲಿಲ್ಲ. ಸ್ವರ ಈಗ ತುಂಬಿಕೊಂಡು ಬರುತ್ತಿತ್ತು, ಮೊದಲು ಒಂದು ಕಿಟಕಿಯಿಂದ, ಆಮೇಲೆ ಅದರಾಚೆಯ ಕಿಟಕಿಯಿಂದ. ಜನರ ತಲೆಗಳು ಅದರ ಜೊತೆಗೇ ಮೆಲ್ಲಗೆ ತಿರುಗಿದವು. ಅದು ನನ್ನ ಬೆನ್ನ ಹಿಂದಿನ ಗೋಡೆಯಾಚೆ ಸಾಗುವಾಗ, ಕೂತಲ್ಲೇ ಎಲ್ಲಿಗೋ ಹೊರಟಂತಿತ್ತು ನನಗೆ.

ಕೊನೆಯ ಸ್ವರಕ್ಕೆ ಸರಿಯಾಗಿ ಚಾಚಾ ಮತ್ತೆ ಬಾಗಿಲಲ್ಲಿದ್ದರು.

"ನಮ್ಮನ್ನು ನೋಡದೆ ಅಷ್ಟು ಸರಿಯಾಗಿ ಹೇಗೆ ಮುಗಿಸಿದಿರಿ, ಚಾಚಾ?" ಎಂದೆ.

"ಬೀಗರ ಬಾಗ್ಲಿಗೆ ಬಂದಾಗ ಮುಗಸೂದು, ನಲ್ವತ್ತು ವರ್ಷದ ರೂಢಿರಿ," ಅಂದರು ಬೆವರೊರೆಸಿಕೊಳ್ಳುತ್ತ. ಆಮೇಲೆ ನನ್ನ ಚೆಲ್ಲೊ ಕಡೆ ನೋಡಿ, ತುಸು ಬೇಸರದಲ್ಲೇ ಕೇಳಿದರು: "ಆದ್ರ ನೀವು ನಾಕೂ ಮಂದಿ ಹಿಂದ ಯಾಕ ಬರ್ಲಿಲ್ರಿ?"