ಜರ್ಮನ್ 'ಯಾ'ಗೆ ಹಚ್ಚಿದ 'ರೀ'

ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಒಳಗಿನಿಂದಲೇ "ಯಾರೀ?" ಎಂದೆ. ಹೊರಗಿನಿಂದ ಹುಡುಗಿಯೊಬ್ಬಳ ದನಿ "ಯಾ ರೀ" ಎಂದಿತು. ಬಾಯಲ್ಲಿದ್ದ ಚಹಾ ನೆತ್ತಿಗೇರಿತು. ಇದರಲ್ಲಿ ನೆತ್ತಿಗೇರುವಂಥದ್ದೇನು ಎನ್ನುತ್ತೀರಾ? ಹೇಳುತ್ತೇನೆ, ಕೂತುಕೊಳ್ಳಿ.

ನಾನು ರಾಯಚೂರಿನಲ್ಲಿ ಜರ್ಮನ್ ಕಲಿಸುವ ಟೀಚರು. ನಗಬೇಡಿ, ನಮ್ಮ ಮನೆಯಲ್ಲಿ ಆಗಲೇ ಸಾಕಷ್ಟು ನಕ್ಕಿದ್ದಾರೆ. ಕೆಳಗೆ ಖಾನಾವಳಿ, ಮೇಲೆ ನಮ್ಮ ಕ್ಲಾಸು. ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ವ್ಯಾಕರಣ ಸಾಗುತ್ತದೆ. ನಮ್ಮ ಸಂಪನ್ಮೂಲಗಳೆಂದರೆ ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಪಾಠಗಳು, ಹೈದರಾಬಾದಿನ ಫುಟ್‌ಪಾತಿನಲ್ಲಿ ಸಿಕ್ಕ ರಟ್ಟಿಲ್ಲದ ಪುಸ್ತಕ, ಮತ್ತು ನಾನು. ಆ ಪುಸ್ತಕದಲ್ಲಿ ಎಲ್ಲರೂ ಸದಾ ರೈಲು ತಪ್ಪಿಸಿಕೊಳ್ಳುತ್ತಾರೆ. ಹೀಗಾಗಿ ನಮ್ಮ ವಿದ್ಯಾರ್ಥಿಗಳು ರೈಲು ತಪ್ಪಿದ್ದನ್ನು ಚೊಕ್ಕ ಜರ್ಮನಿನಲ್ಲಿ ಹೇಳಬಲ್ಲರು. ಅಪ್ಪಿತಪ್ಪಿ ರೈಲು ಸಿಕ್ಕರೆ ಮೂಕರಾಗುತ್ತಾರೆ.

ದೇವದುರ್ಗದ ಹುಲಿಗೆಮ್ಮ ನರ್ಸಿಂಗ್ ಮುಗಿಸಿ ನನ್ನ ಹತ್ತಿರ ಬಂದವಳು. ಅವರ ಮನೆಯಿಂದ ಕೂಲಿಗಲ್ಲದೆ ಬೇರೆ ಕೆಲಸಕ್ಕೆ ಹೊರಟ ಮೊದಲನೆಯವಳು. ಜರ್ಮನಿಯ ಆಸ್ಪತ್ರೆಯೊಂದು ಕೆಲಸ ಕೊಡಲು ತಯಾರಿತ್ತು, ಆದರೆ ಅಲ್ಲಿಯ ಹಿರಿಯ ನರ್ಸಮ್ಮನ ಜೊತೆ ವಿಡಿಯೊದಲ್ಲಿ ಜರ್ಮನ್ ಮಾತಾಡಿ ಪಾಸಾಗಬೇಕಿತ್ತು. ಹುಡುಗಿ ಚುರುಕು. ತೊಂದರೆ ಒಂದೇ. ಜರ್ಮನಿನಲ್ಲಿ ಹೌದು ಎನ್ನಲು 'ಯಾ' ಎನ್ನುತ್ತಾರೆ. ಇವಳು 'ಯಾ ರೀ' ಎನ್ನುತ್ತಿದ್ದಳು.

"ರೀ ಹಚ್ಚಬ್ಯಾಡ ಯವ್ವಾ, ಅವ್ರಿಗೆ ತಿಳಿಯಂಗಿಲ್ಲ."

"ಅಷ್ಟು ದೊಡ್ಡವ್ರಿಗೆ ಬರೇ ಯಾ ಅನ್ನೂದು ಹೆಂಗ್ರೀ ಮೇಡಂ? ಲೇ ಅಂದಂಗ ಆಗ್ತದ."

"ನಾಳಿ ಸಂದರ್ಶನದಾಗರ ಬಿಡ್ತೀ ಇಲ್ಲೋ?"

"ಯಾ ರೀ."

ಸಂದರ್ಶನದ ದಿನ ಫ್ಯಾನು ಆರಿಸಿ, ಖಾನಾವಳಿಯವರ ಕೈಕಾಲು ಹಿಡಿದು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದೆ. ಕೋಣೆಯಲ್ಲಿ ಬೇರೆ ಯಾರೂ ಇರಬಾರದೆಂದು ನಿಯಮ. ಆದ್ದರಿಂದ ಸೀರೆ ಮುದುಡಿಕೊಂಡು ಮೇಜಿನಡಿ ಕೂತೆ. ಅವಳು ರೀ ಅಂದರೆ ಅವಳ ವೇಲು ಜಗ್ಗುವುದೆಂದು ಒಪ್ಪಂದ.

"ನೀವು ಹುಲಿಗೆಮ್ಮನೇ?" ಎಂದು ನರ್ಸಮ್ಮ ಜರ್ಮನಿನಲ್ಲಿ ಕೇಳಿದರು. "ಯಾ ರೀ." ಜಗ್ಗಿದೆ. "ರಾತ್ರಿ ಪಾಳಿ ಮಾಡುತ್ತೀರಾ?" "ಯಾ ರೀ." ಜೋರಾಗಿ ಜಗ್ಗಿದೆ. ಹುಡುಗಿ ಪರದೆಯಿಂದ ಅರ್ಧ ಮಾಯವಾದಳು. ನರ್ಸಮ್ಮನಿಗೆ ಅನುಮಾನ ಬಂದು, "ಅಲ್ಲಿ ಇನ್ನೊಬ್ಬರು ಇದ್ದಾರೆಯೇ?" ಎಂದರು.

ಪ್ರಶ್ನೆ ಬಂದ ಕೂಡಲೇ ತಡವರಿಸದೆ ಉತ್ತರಿಸಬೇಕೆಂದು ವರ್ಷಗಟ್ಟಲೆ ಕಲಿಸಿದವಳು ನಾನು. ಮೇಜಿನಡಿಯಿಂದ ಗಟ್ಟಿಯಾಗಿ ಉತ್ತರಿಸಿದೆ. "ಯಾ ರೀ."

ಹೋಯಿತು, ಹುಡುಗಿಯ ಬಾಳಿಗೆ ನಾನೇ ಮಣ್ಣು ಹಾಕಿದೆ ಎಂದು ಅಳು ಬಂತು. ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿಯಿತು. ಹುಲಿಗೆಮ್ಮ ನನ್ನತ್ತ ಕೈ ತೋರಿಸಿ ಜರ್ಮನಿನಲ್ಲಿ ಹೇಳಿದಳು: "ಇವರು ನನ್ನ ಟೀಚರು. ನನ್ನ ರೀ ಬಿಡಿಸಲು ಕೂತಿದ್ದಾರೆ. ನಮ್ಮ ಕಡೆ ದೊಡ್ಡವರಿಗೆ ರೀ ಇಲ್ಲದೆ ಮಾತಾಡುವುದಿಲ್ಲ. ನನಗೆ ಅದನ್ನು ಬಿಡಲು ಬರುವುದಿಲ್ಲ. ಇವರಿಗೂ ಬರುವುದಿಲ್ಲ."

ಆ ಮಾತು ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ. ಅದರಲ್ಲಿ ಒಂದು ರೈಲೂ ತಪ್ಪಿರಲಿಲ್ಲ. ನರ್ಸಮ್ಮ ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿ, ಅವಳನ್ನು ಮೊದಲಿನಿಂದ ಮತ್ತೆ ಮಾತಾಡಿಸಿದರು. ಅವಳು ಪಾಸಾದಳು, ಜರ್ಮನಿಗೆ ಹೋದಳು.

ಈಗ ಚಹಾ ಬದಿಗಿಟ್ಟು ಬಾಗಿಲು ತೆಗೆದೆ. ಮಾನ್ವಿಯ ಹುಡುಗಿ. "ಹುಲಿಗೆಮ್ಮಕ್ಕ ಕಳಿಸ್ಯಾಳ್ರೀ. ಹಿಂಗ ಅನ್ನು, ಬಾಗಿಲಾ ತೆಗೀತಾರ ಅಂದಾಳ್ರೀ," ಎಂದು ಅವಳು ಕಳಿಸಿದ್ದ ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಕೇಳಿಸಿದಳು. ದೂರದ ವಾರ್ಡಿನಲ್ಲಿ ಹುಲಿಗೆಮ್ಮ ಯಾರನ್ನೋ ಊಟವಾಯಿತೇ ಎಂದು ಜರ್ಮನಿನಲ್ಲಿ ಕೇಳುತ್ತಾಳೆ. ನಡುಗುವ ಮುದಿ ದನಿಯೊಂದು, ಹುಟ್ಟಾ ಜರ್ಮನ್, "ಯಾ ರೀ" ಎನ್ನುತ್ತದೆ. ನನಗೆ ನಗುವೂ ಬಂತು, ಕಣ್ಣೀರೂ ಬಂತು.

ಹುಡುಗಿಯನ್ನು ಕೂರಿಸಿ, ಬೋರ್ಡಿನ ಮೇಲೆ ಮೊದಲ ಪದ ಬರೆದೆ: ಯಾ. ಅವಳು ಅದನ್ನೇ ನೋಡಿದಳು.

"ರೀ ಎಲ್ಲಿ ಹೋತ್ರೀ ಮೇಡಂ?"

ಸೀಮೆಸುಣ್ಣ ಕೈಯಲ್ಲೇ ಇತ್ತು. ಬರೆದೆ.