ಮುತ್ತಲ ಹೂವಿನ ದಿನ

ಲೈನ್‌ಮನ್ ಕಾಕಾನ ಎರಡೂ ಅಂಗೈಗಳ ಚರ್ಮ ಹುಣಸೆ ಮರದ ತೊಗಟೆಯಂತೆ ಬಿರುಕು ಬಿಟ್ಟಿತ್ತು. ಬದುಕಿಡೀ ಕರೆಂಟ್ ಕಂಬ ಹತ್ತಿದ ಕೈ. ಆ ಕೈಯಿಂದ ಅವರು ಬಾರಿಹಣ್ಣನ್ನು ಒಂದೊಂದಾಗಿ ಹೆಗಲ ಟವೆಲಿನಲ್ಲಿ ಒರೆಸಿ ಹೆಂಡತಿಯ ಸೆರಗಿಗೆ ಹಾಕುತ್ತಿದ್ದುದನ್ನು ನೋಡಿದ ದಿನ, ನನ್ನ ಗಂಡ ಈಗ ಇಲ್ಲಿರಬೇಕಿತ್ತು ಅನ್ನಿಸಿತು.

ನಾನು ಸಿದ್ದಾಪುರದ ಆಸ್ಪತ್ರೆಗೆ ನರ್ಸಾಗಿ ಬಂದಾಗ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಮ್ಮ ಯಜಮಾನರು ಬೀದರ್ ಕಡೆ ಬಸ್ ಡ್ರೈವರ್. ವರ್ಗಾವಣೆ ಇವತ್ತು ಆಗುತ್ತದೆ, ನಾಳೆ ಆಗುತ್ತದೆ ಎನ್ನುವುದರಲ್ಲೇ ದಿನ ಹೋಗುತ್ತಿದ್ದವು. ತಿಂಗಳಿಗೋ ಎರಡು ತಿಂಗಳಿಗೋ ಬರುತ್ತಿದ್ದರು. ಬಂದವರು ಪ್ರಯಾಣದ ದಣಿವಿನಲ್ಲಿ ಮಲಗಿ, ಎದ್ದು, ಮತ್ತೆ ಬ್ಯಾಗು ಹಿಡಿಯುತ್ತಿದ್ದರು. ನಾನು ಬಾಡಿಗೆಗಿದ್ದ ಮನೆಯ ಗೋಡೆಗೆ ಗೋಡೆ ಹತ್ತಿಸಿದ್ದು ಕಾಕಾನ ಮನೆ. ನಿವೃತ್ತಿಗೆ ಹತ್ತಿರವಾಗಿದ್ದ ಲೈನ್‌ಮನ್. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು, ನಾನೂ ಕರೆದೆ. ಅವರ ಹೆಂಡತಿ ನನಗೆ ಕಾಕು ಆದರು. ಅವರಿಗೆ ಒಬ್ಬಳೇ ಮಗಳು, ಕುಷ್ಟಗಿಗೆ ಕೊಟ್ಟಿದ್ದರು. ಹಾಗಾಗಿ ಮನೆಯಲ್ಲಿ ಇಬ್ಬರೇ. ಆದರೆ ಗೋಡೆಯಾಚೆಯಿಂದ ಕೇಳುವ ಮಾತು, ನಗು, ಜಗಳ ನಾಲ್ಕು ಮಂದಿಯದಿದ್ದ ಹಾಗೆ ಇರುತ್ತಿತ್ತು.

ಪ್ರೇಮಿಗಳ ದಿನ ಅವರ ಮನೆಗೆ ಹೇಗೆ ಹೊಕ್ಕಿತು ಎನ್ನುವುದನ್ನು ಕಾಕು ನನಗೆ ರೊಟ್ಟಿ ಬಡಿಯುತ್ತ ಹೇಳಿದ್ದರು. ಯಾವುದೋ ವರ್ಷ ಟೀವಿಯಲ್ಲಿ ದಿನವಿಡೀ ಗುಲಾಬಿ ಹಿಡಿದ ಹುಡುಗ ಹುಡುಗಿಯರನ್ನು ತೋರಿಸಿದರಂತೆ. ಕಾಕು ಗಂಡನನ್ನು ಕೆಣಕಲು, "ಜಗತ್ತಿನಾಗ ಎಲ್ಲಾರೂ ಹೆಂಡ್ರಿಗೆ ಹೂ ತರಾಕತ್ತಾರ. ನೀವು ನಂಗ ಸುಟ್ಟ ಫ್ಯೂಜ್ ವೈರ್ ಬಿಟ್ರ ಏನೂ ತಂದಿಲ್ಲ ನೋಡ್ರಿ" ಅಂದರಂತೆ. ಮರುದಿನ ಕಾಕಾ ಗುಡ್ಡದ ಕಡೆ ಲೈನಿಗೆ ತಾಗುತ್ತಿದ್ದ ಟೊಂಗೆ ಕಡಿಯಲು ಹೋದವರು ಹೂವಿನಿಂದ ಕೆಂಪಗೆ ಉರಿಯುವ ಒಂದು ಮುತ್ತಲ, ಅಂದರೆ ಮುತ್ತುಗದ ಟೊಂಗೆಯನ್ನೇ ಬೈಕಿಗೆ ಕಟ್ಟಿಕೊಂಡು ಬಂದರು. ಕಾಕು ಖುಷಿಪಡುವುದು ಬಿಟ್ಟು ಬೈದುಬಿಟ್ಟರು. "ಕಡದು ತಂದಿದ್ದು ನಂಗ ಬ್ಯಾಡ. ಸಂಜೀತನಾ ಬಾಡಿ ಹೋಗತೈತಿ. ಕರಕೊಂಡು ಹೋಗೋದಿದ್ರ ಗಿಡದ ಹಂತೇಕ ಕರಕೊಂಡು ಹೋಗ್ರಿ."

ಕಾಕಾ ಬೈಕಿನಿಂದ ಇಳಿಯಲೂ ಇಲ್ಲವಂತೆ. "ಹಂಗಾರ ಹತ್ತು" ಅಂದರು. ಕಾಕು ಹಿಟ್ಟಿನ ಕೈಯಲ್ಲೇ ಹತ್ತಿದರು.

ಅಲ್ಲಿಂದ ಅದು ಅವರ ಹಬ್ಬವಾಯಿತು. ನಮ್ಮ ಕಾಲುವೆ ಸೀಮೆಯಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತ. ಮರ ಬೇಕೆಂದರೆ ಗಂಗಾವತಿ ದಾಟಿ ಹನುಮನಹಳ್ಳಿ ಕಡೆಯ ಕಲ್ಲುಗುಡ್ಡಗಳಿಗೆ ಹೋಗಬೇಕು. ಪ್ರತಿ ವರ್ಷ ಪ್ರೇಮಿಗಳ ದಿನ ಕಾಕಾ ರಜೆ ಹಾಕುತ್ತಿದ್ದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಕಟ್ಟಿಕೊಂಡು ಇಬ್ಬರೂ ಹೊರಡುತ್ತಿದ್ದರು. ನಾನು ಬಂದ ಮೊದಲ ವರ್ಷ ಒಬ್ಬಳೇ ಮನೆಯಲ್ಲಿರುವುದನ್ನು ನೋಡಿ, ಬಾಡಿಗೆಗೆ ಟಂಟಂ ಆಟೊ ಮಾಡಿಸಿ ನನ್ನನ್ನೂ ಕರೆದೊಯ್ದರು. "ಗಂಡ ಹೆಂಡ್ತಿ ನಡುವ ನಾ ಯಾಕ್ರಿ?" ಅಂದರೆ ಕಾಕಾ, "ನಮ್ಮ ಆಟಕ್ಕ ಒಬ್ರು ಪಂಚರು ಬೇಕು ಬಾರವ್ವ ಸಿಸ್ಟರವ್ವ" ಅಂದರು.

ಆಟವೆಂದರೆ ನಿಜವಾಗಿಯೂ ಆಟ. ಬಾರಿಹಣ್ಣು ತಿಂದು ಯಾರ ಬೀಜ ದೂರ ಹೋಗುತ್ತದೆ ಎಂದು ಇಬ್ಬರೂ ಉಗುಳಿ ನೋಡುತ್ತಿದ್ದರು. ಕಣ್ಣು ಮುಚ್ಚಿಸಿ ಎಲೆ ಹಿಚುಕಿ ಮೂಗಿಗೆ ಹಿಡಿದು ಯಾವ ಗಿಡ ಹೇಳು ಎನ್ನುತ್ತಿದ್ದರು. ಕಾಕಾ ಬೇವಿಗೂ ತಪ್ಪು ಹೆಸರು ಹೇಳಿ ಬೇಕೆಂದೇ ಸೋಲುತ್ತಿದ್ದರು. ಸೋತವರು ಮುತ್ತಲ ಮರವನ್ನು ತಬ್ಬಿಕೊಂಡು ಗೆದ್ದವರನ್ನು ಹೊಗಳಬೇಕು. ಆ ಐವತ್ತು ದಾಟಿದ ಮನುಷ್ಯ ಮರ ತಬ್ಬಿ, "ನನ್ನ ಹೆಂಡ್ತಿ ಭಾಳ ಛಲೋ ಅದಾಳ್ರೀ, ಸಾರಿಗೆ ಉಪ್ಪು ಅಷ್ಟ ಮರೀತಾಳ" ಎಂದು ಗುಡ್ಡ ಕೇಳುವಂತೆ ಕೂಗುತ್ತಿದ್ದರು. ಪಕ್ಕದ ಅಂಜನಾದ್ರಿ ಬೆಟ್ಟಕ್ಕೆ ಬಂದಿದ್ದ ಹುಡುಗರು ನಿಂತು ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗುತ್ತಲೇ ಫೋನು ತೆಗೆದು ನೋಡುತ್ತಿದ್ದೆ. ಬಸ್ಸು ಓಡಿಸುವವರು ಫೋನೆತ್ತುವುದಿಲ್ಲ ಎನ್ನುವುದು ಗೊತ್ತಿದ್ದರೂ ನೋಡುತ್ತಿದ್ದೆ.

ಓಣಿಯಲ್ಲಿ ಚೇಷ್ಟೆ ಮಾಡುವವರಿಗೇನು ಕಡಿಮೆ? "ಈ ವಯಸ್ಸಿನಾಗ ಏನೋ ಮಾರಾಯಾ ನಿಂದು ಲವ್ವು?" ಎಂದು ಕಟ್ಟೆಯ ಮೇಲಿನವರು ಕೇಳಿದರೆ ಕಾಕಾ, "ಎಳೇ ಗಿಡ ಹೂ ಬಿಡೂದು ಎಲ್ಲ್ಯಾರ ನೋಡೀಯೇನು?" ಎಂದು ಬೈಕು ಒದೆಯುತ್ತಿದ್ದರು.

ನನ್ನ ಫೋನು ನೋಡುವ ಚಟ ಅವರ ಕಣ್ಣಿಗೆ ಬಿದ್ದಿತ್ತು. ಒಮ್ಮೆ ನಾನು ಯಜಮಾನರ ಜೊತೆ ಮಾತಾಡುತ್ತಿದ್ದಾಗ ಕೈ ಚಾಚಿ ಫೋನು ಇಸಿದುಕೊಂಡರು. "ಡ್ರೈವರ್ ಸಾಹೇಬ್ರ, ನಾ ಬಾಜೂ ಮನಿ ಲೈನ್‌ಮನ್ ಮಾತಾಡಾಕತ್ತೇನ್ರಿ. ಬರೂ ವರ್ಷ ಆ ದಿನ ಒಂದ ರಜಾ ಹಾಕಿ ಬರ್ರಿ. ನಿಮ್ಮ ಬಸ್ಸು ಬ್ಯಾರೇದವ್ರು ಓಡಿಸ್ತಾರ. ಈಕಿ ಸಂಗಾಟ ಗಿಡದ ಬುಡಕ ಕುಂದ್ರಾಕ ಬ್ಯಾರೇದವ್ರು ಬರಾಂಗಿಲ್ಲ."

ಆ ಕಡೆಯಿಂದ ಯಜಮಾನರು ಮೆಲ್ಲಗೆ, "ಆತ್ರಿ ಕಾಕಾ" ಅಂದರು.

ಆ ದಿನ ಬರುವ ಮೊದಲೇ ಕಾಕುಗೆ ಲಕ್ವಾ ಹೊಡೆಯಿತು. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಗಳ ಸಾರಿಸುತ್ತಿದ್ದವರು ಅಲ್ಲೇ ಕುಸಿದರು. ಬಲಗೈ, ಬಲಗಾಲು ಹೋದವು, ಮಾತು ನಿಂತಿತು. ಕೊಪ್ಪಳದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದಿನಾ ಎರಡು ಹೊತ್ತು ನಾನು ಹೋಗಿ ಮೈ ಒರೆಸಿ, ಮಗ್ಗುಲು ಬದಲಿಸುತ್ತಿದ್ದೆ. ಕಾಕಾ ಒಂದೇ ದಿನವೂ ನನ್ನೆದುರು ಅಳಲಿಲ್ಲ. ಆದರೆ ಗೋಡೆಯಾಚೆಯಿಂದ ಈಗ ಒಬ್ಬರದೇ ಮಾತು ಕೇಳುತ್ತಿತ್ತು.

ಫೆಬ್ರುವರಿ ಬಂತು. ಯಜಮಾನರು ಮಾತು ಕೊಟ್ಟಂತೆ ಹಿಂದಿನ ದಿನವೇ ಬಂದಿಳಿದರು. ಕಾಕಾ ಟಂಟಂ ತರಿಸಿ ಅದರಲ್ಲಿ ಗಾದಿ ಹಾಸಿದರು. ಕುಷ್ಟಗಿಯಿಂದ ಬಂದಿದ್ದ ಮಗಳು ಬಾಗಿಲಿಗೆ ಅಡ್ಡ ನಿಂತಳು. "ಅವ್ವಗ ಹಿಂಗಾಗೇತಿ, ನಿಂದೇನಪ್ಪಾ ಹುಡುಗಾಟಕಿ? ಮಂದಿ ನಗ್ತಾರ."

"ನಗಲಿ ಬಿಡವ್ವ. ಮಂದಿ ಮೊದಲಿಂದಾನೂ ನಗ್ತಾರ" ಅಂದರು ಕಾಕಾ. "ನಿಮ್ಮವ್ವ ಮೂರು ತಿಂಗಳಾತು ಆ ತಗಡಿನ ಮಾಡು ನೋಡಾಕತ್ತಾಳ. ಕೇಳಾಕ ಬಾಯಿಲ್ಲ ಅಂತ, ಆಕಿಗೆ ಬ್ಯಾಸರಾಗಿಲ್ಲೇನು?"

ಮಗಳು ನನ್ನ ಮುಖ ನೋಡಿದಳು. ನಾನು ಕಾಕುವಿನ ಬಿ.ಪಿ. ನೋಡಿ, "ನಿಧಾನಕ್ಕ ಹೋದ್ರ ಏನಾಗಂಗಿಲ್ಲ, ನಾ ಜೋಡಿ ಇರ್ತೀನಿ" ಅಂದೆ. ಮಗಳೂ ಹತ್ತಿ ಅವ್ವನ ಪಕ್ಕ ಕೂತಳು. ಟಂಟಂ ಓಡಿಸಿದ್ದು ನಮ್ಮ ಯಜಮಾನರು. ಒಂದು ತಗ್ಗಿಗೂ ಗಾಲಿ ಬೀಳದಂತೆ ಅವರು ಅಷ್ಟು ಮೆಲ್ಲಗೆ ಓಡಿಸಿದ್ದನ್ನು ನಾನು ಮತ್ತೆಂದೂ ನೋಡಿಲ್ಲ.

ಮುತ್ತಲ ಮರ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಂತಿತ್ತು. ಕಾಕಾ, ಯಜಮಾನರು ಗಾದಿಯ ಸಮೇತ ಕಾಕುವನ್ನು ಎತ್ತಿ ಕೆಳಗೆ ಮಲಗಿಸಿದರು. ಅವರ ಕಣ್ಣು ಟೊಂಗೆಯಿಂದ ಟೊಂಗೆಗೆ ಹೋಗುತ್ತಿತ್ತು. ಒಂದೆರಡು ಹೂ ಹೊದಿಕೆಯ ಮೇಲೆ ಬಿದ್ದವು. ಇನ್ನೂ ಹತ್ತಿರದಿಂದ ತೋರಿಸಬೇಕೆಂದು ಕಾಕಾ ಒಂದು ಗೊಂಚಲು ಮುರಿಯಲು ಕೈ ಎತ್ತಿದರು. ಕಾಕು ಎಡಗೈಯಿಂದ ಅವರ ಪ್ಯಾಂಟಿನ ಅಂಚು ಹಿಡಿದೆಳೆದರು. ತುಟಿ ಸೊಟ್ಟಗಾಯಿತು, ಗಂಟಲಿನಲ್ಲಿ ಏನೋ ಗೊರಗೊರ ಅಂದಿತು. "ಬ್ಯಾ... ಬ್ಯಾಡ."

ಅಷ್ಟು ದಿನದ ಮೇಲೆ ಬಂದ ಮೊದಲ ಮಾತು ಅದು. ಕಾಕಾ ಅವರ ಪಕ್ಕ ಕೂತುಬಿಟ್ಟರು. ನಕ್ಕರು, ನಗುತ್ತಲೇ ಕಣ್ಣೀರಿಟ್ಟರು. "ನೋಡ ಸಿಸ್ಟರವ್ವ, ಬಾಯಿ ಬಂದ ಕೂಡ್ಲೇ ನನ್ನ ಬೈಯಾಕ ಶುರು ಮಾಡಿದ್ಲು!"

ಮಗಳು ಫೋಟೊ ತೆಗೆಯಲು ಮೊಬೈಲು ಎತ್ತಿದವಳು ಕೆಳಗಿಟ್ಟು ಅವ್ವನ ಕಾಲಬಳಿ ಕೂತಳು. ನಾನೂ ಯಜಮಾನರೂ ತುಸು ದೂರ ಹೋಗಿ ಒಂದು ಬಂಡೆಯ ಮೇಲೆ ಕೂತೆವು. ಮದುವೆಯಾಗಿ ಇಷ್ಟು ಕಾಲಕ್ಕೆ ನಾವಿಬ್ಬರೂ ಸುಮ್ಮನೆ ಕೂತದ್ದು ಅದೇ ಮೊದಲು. ಅವರು ನನ್ನ ಕೈ ಹಿಡಿದುಕೊಂಡು, "ನಾ ಏನೇನು ಕಳಕೊಂಡೀನಿ ನೋಡು" ಅಂದರು.

ಕಾಕು ಮಳೆಗಾಲ ಹಿಡಿಯುವ ಹೊತ್ತಿಗೆ ಹೋದರು. ಅಷ್ಟರಲ್ಲಿ ಇನ್ನೂ ಕೆಲವು ಮಾತು ಕಲಿತಿದ್ದರು. ಹೆಚ್ಚಿನವು ಬೈಗುಳ, ಎಲ್ಲವೂ ಕಾಕಾನಿಗೆ. ಮುಂದಿನ ವರ್ಷಗಳಲ್ಲಿ ಕಾಕಾ ನಮ್ಮ ಜೊತೆಗೇ ಬರುತ್ತಿದ್ದರು. ಮರ ಮುಟ್ಟುವವರೆಗೆ ನಗಿಸುತ್ತ ಬಂದು, ಮರ ಕಂಡೊಡನೆ, "ನೀವು ಆ ಕಡೆ ಕುಂದ್ರಿ, ನಾ ಈ ಕಡೆ ಇರ್ತೀನಿ" ಎನ್ನುತ್ತಿದ್ದರು. ಆ ಕಡೆಯಿಂದ ಅವರ ಮಾತು ಸಣ್ಣಗೆ ಕೇಳುತ್ತಿತ್ತು. ನಡುನಡುವೆ ನಿಲ್ಲಿಸುತ್ತಿದ್ದರು, ಉತ್ತರಕ್ಕೆ ಜಾಗ ಬಿಟ್ಟ ಹಾಗೆ.

ಹೋದ ವರ್ಷ ಯಜಮಾನರಿಗೆ ಗಂಗಾವತಿಗೆ ವರ್ಗವಾಯಿತು. ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಕುಣಿದವರು ಕಾಕಾ. ಆದರೆ ಚಳಿ ಶುರುವಾದಾಗ ಅವರ ಎದೆ ಸೋಲತೊಡಗಿತು. ಕೊನೆಯ ವಾರಗಳಲ್ಲಿ ಸೂಜಿ ಚುಚ್ಚಲು ಹೋದ ನನ್ನನ್ನು ಹಾಸಿಗೆಯ ಅಂಚಿನಲ್ಲಿ ಕೂರಿಸಿಕೊಂಡರು. "ಈ ಸಲ ಆ ಮುತ್ತಲ ಗಿಡಕ್ಕ ಹೋಗಬ್ಯಾಡ್ರಿ" ಅಂದರು.

"ಯಾಕ್ರಿ ಕಾಕಾ?"

"ಅಲ್ಲಿಗೆ ಹೋದ್ರ ನಮ್ಮನ್ನ ನೆನಸ್ಕೊಂತ ಕುಂದ್ರತೀರಿ. ಆ ದಿನ ಒಬ್ರ ಮಾರಿ ಒಬ್ರು ನೋಡಬೇಕವ್ವ. ಬ್ಯಾರೆ ಗಿಡ ಹುಡಿಕ್ಕೋರಿ. ನಿಮ್ಮದ ಅಂತ ಒಂದು ಇರಲಿ."

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ತೀರಿಕೊಂಡರು. ಮಗಳು ಅವ್ವನ ಮಗ್ಗುಲಿಗೇ ಅಪ್ಪನನ್ನು ಮಣ್ಣು ಮಾಡಿಸಿದಳು.

ಈ ಫೆಬ್ರುವರಿಯಲ್ಲಿ ನಾವು ಅವರ ಮಾತು ನಡೆಸಿದೆವು. ಮುತ್ತಲ ಮರದ ದಾರಿಗೆ ತಿರುಗದೆ, ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಒಂದು ದೊಡ್ಡ ಹುಣಸೆ ಮರ ಕಂಡು ಬೈಕು ನಿಲ್ಲಿಸಿದೆವು. ಯಜಮಾನರು ಕಾಯಿ ಉದುರಿಸಿದರು, ಉಪ್ಪು ಹಚ್ಚಿ ತಿಂದೆವು, ಹುಳಿಗೆ ಮುಖ ಸೊಟ್ಟ ಮಾಡಿ ನಕ್ಕೆವು. ಒಬ್ಬರ ಮುಖ ಒಬ್ಬರು ನೋಡಿದೆವು. ಕಾಕಾನ ಮಾತು, ಕಾಕುವಿನ ಮಾತು ಇಬ್ಬರೂ ತೆಗೆಯಲಿಲ್ಲ.

ಹೊತ್ತು ಇಳಿಯುತ್ತಿದ್ದಂತೆ ಹೊರಟೆವು. ಎರಡೂ ಬದಿಗೆ ಹಸಿರು ಗದ್ದೆ, ಕಾಲುವೆಯ ತಂಪು ಗಾಳಿ. ಬಹಳ ದೂರ ಬಂದ ಮೇಲೆ ಯಜಮಾನರು ತಲೆ ತಿರುಗಿಸದೆ, "ಕಾಕಾ ಇದ್ದಿದ್ರ..." ಅಂದರು. ನಾನು ಅವರ ಬೆನ್ನಿಗೆ ಕೆನ್ನೆ ಆನಿಸಿದೆ. ಊರು ಬರುವವರೆಗೂ ಅವರ ಅಂಗಿ ಒದ್ದೆಯಾಗುತ್ತಲೇ ಇತ್ತು. ಅವರು ಬೈಕನ್ನು ಇನ್ನಷ್ಟು ನಿಧಾನಕ್ಕೆ ಓಡಿಸಿದರು.